ದಿನಕ್ಕೊಂದು ತುತ್ತು ದೇವರ ವಾಕ್ಯ

ಪಾಸ್ಖ ಹಬ್ಬದ ನಂತರ ಧರ್ಮಕೇಂದ್ರದ ಮನೆಗಳನ್ನು ಆಶೀರ್ವದಿಸಲು ಹೋದಾಗಲೆಲ್ಲ ನನ್ನ ಕಣ್ಣು ತಾನಾಗಿಯೇ ಪವಿತ್ರ ಬೈಬಲ್ ಗ್ರಂಥವನ್ನು ಹುಡುಕುತ್ತದೆ. ಅದು ಇಲ್ಲದ ಮನೆಗಳು ಈಗ ಕಡಿಮೆ. ಆದರೆ ಬಹುತೇಕ ಮನೆಗಳಲ್ಲಿ ಅದು ಮಕ್ಕಳ ಬಹುಮಾನದ ಕಪ್‌ಗಳು, ಗೊಂಬೆಗಳು, ಮದುವೆಯ ಫೋಟೋಗಳ ನಡುವೆ ಶೋಕೇಸಿನ ಗಾಜಿನ ಹಿಂದೆ ಕುಳಿತಿರುತ್ತದೆ. ಕೆಲವು ಕಡೆ ಮದುವೆಯಲ್ಲಿ ಉಡುಗೊರೆಯಾಗಿ ಬಂದಾಗ ಇದ್ದ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ತೆಗೆದಿರುವುದಿಲ್ಲ. ಗೌರವದಿಂದಲೇ ಹಾಗೆ ಇಟ್ಟಿರುತ್ತಾರೆ ಎಂಬುದನ್ನು ನಾನು ಬಲ್ಲೆ.

ಕೆಲವು ವರ್ಷಗಳ ಹಿಂದೆ ಹೀಗೆಯೇ ಒಂದು ಮನೆಗೆ ಹೋಗಿದ್ದೆ. ಅಲ್ಲಿಯ ಬೈಬಲಿನ ಅಂಚುಗಳು ಸವೆದು, ಬೆನ್ನಿಗೆ ಬಟ್ಟೆ ಅಂಟಿಸಲಾಗಿತ್ತು. ಮನೆಯ ಹಿರಿಯಜ್ಜಿಗೆ ಓದಲು ಬಾರದು. ರಾತ್ರಿ ಜಪಸರ ಮುಗಿದ ಮೇಲೆ ಮೊಮ್ಮಗ ಆ ದಿನದ ಶುಭಸಂದೇಶವನ್ನು ಓದಬೇಕು. ಅದೂ ಎರಡು ಸಲ. ಎರಡು ಸಲ ಏಕೆಂದು ಕೇಳಿದೆ. "ಒಂದು ಸಲಕ್ಕೆ ನನಗೆ ಹತ್ತೋದಿಲ್ಲ ಸ್ವಾಮಿ. ಎರಡು ಸಲ ಕೇಳಿದ್ರೆ ಮಾರನೇ ದಿನ ಕೆಲಸ ಮಾಡೋವಾಗ ನೆನಪಿಗೆ ಬರುತ್ತೆ" ಎಂದರು ಆಕೆ. ದೇವರ ವಾಕ್ಯವನ್ನು ನಿಧಾನವಾಗಿ ಕೇಳಿ, ಮೆಲುಕು ಹಾಕಿ, ಪ್ರಾರ್ಥನೆಯಾಗಿಸಿಕೊಳ್ಳುವ ಈ ಕ್ರಮಕ್ಕೆ ಧರ್ಮಸಭೆಯಲ್ಲಿ "ಲೆಕ್ಸಿಯೊ ದಿವೀನಾ", ಅಂದರೆ ದೈವಿಕ ಪಠಣ ಎಂಬ ಹೆಸರಿದೆ. ಆ ಅಜ್ಜಿ ಆ ಹೆಸರನ್ನು ಕೇಳಿದವರಲ್ಲ. ಆದರೂ ಅವರು ನಡೆಯುತ್ತಿದ್ದುದು ಎರಡು ಸಾವಿರ ವರ್ಷಗಳಿಗೂ ಹಳೆಯದಾದ ದಾರಿಯಲ್ಲಿ. ಆ ದಾರಿಯ ಕಥೆಯನ್ನು ಒಮ್ಮೆ ನೆನೆಯುವುದು ನಮಗೆಲ್ಲ ಹಿತಕರ.

ಕಿವಿಯಿಂದ ಹೃದಯಕ್ಕೆ

ಇಸ್ರಯೇಲರ ಮನೆಗಳಲ್ಲಿ ದೇವರ ವಾಕ್ಯವು ಮೊದಲು ಬಾಯಿಪಾಠವಾಗಿ ಉಳಿಯಿತು. ಮನೆಯಲ್ಲಿ ಕುಳಿತಾಗ, ದಾರಿಯಲ್ಲಿ ನಡೆವಾಗ, ಮಲಗುವಾಗ, ಏಳುವಾಗ ದೇವರ ಆಜ್ಞೆಗಳನ್ನು ಮಕ್ಕಳಿಗೆ ಹೇಳಿಕೊಡಬೇಕೆಂದು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ವಿಧಿಸುತ್ತದೆ. ಮೊದಲನೆಯ ಕೀರ್ತನೆಯಲ್ಲಿ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನ ಮಾತು ಬರುತ್ತದಷ್ಟೆ. ಅಲ್ಲಿ ಬಳಕೆಯಾಗಿರುವ "ಹಗಾ" ಎಂಬ ಹೀಬ್ರೂ ಪದಕ್ಕೆ ಮೆಲುದನಿಯಲ್ಲಿ ಗುನುಗುವುದು ಎಂಬ ಅರ್ಥವೂ ಇದೆ. ಕಣ್ಣುಮುಚ್ಚಿ ಮೌನವಾಗಿ ಕೂರುವುದಷ್ಟೇ ಧ್ಯಾನವಲ್ಲ; ತುಟಿ, ಕಿವಿ, ನೆನಪು ಎಲ್ಲವೂ ಕೂಡಿ ಮಾಡುವ ಕೆಲಸವದು. ಪ್ರಭು ಯೇಸು ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೆಶಾಯ ಪ್ರವಾದಿಯ ಗ್ರಂಥದ ಸುರುಳಿಯನ್ನು ಬಿಚ್ಚಿ ಓದಿದ್ದು ಈ ಪರಂಪರೆಯೊಳಗಿನಿಂದಲೇ. ಮಾತೆ ಮರಿಯಮ್ಮನವರು ನಡೆದುದನ್ನೆಲ್ಲ ಮನದಲ್ಲಿಟ್ಟು ಮನನ ಮಾಡುತ್ತಿದ್ದರೆಂದು ಸಂತ ಲೂಕನು ಎರಡು ಬಾರಿ ಹೇಳುತ್ತಾನೆ.

ಧರ್ಮಸಭೆಯ ಮೊದಲ ಶತಮಾನಗಳಲ್ಲೂ ಓದು ಎಂದರೆ ಸಾಮಾನ್ಯವಾಗಿ ದನಿಯೆತ್ತಿ ಓದುವುದೇ ಆಗಿತ್ತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಮಿಲಾನ್ ನಗರಕ್ಕೆ ಬಂದ ಅಗಸ್ಟೀನರು, ಅಲ್ಲಿಯ ಧರ್ಮಾಧ್ಯಕ್ಷರಾದ ಸಂತ ಆಂಬ್ರೋಸರು ಒಬ್ಬರೇ ಕುಳಿತು ದನಿಯಿಲ್ಲದೆ ಓದುವುದನ್ನು ಕಂಡು, ಅದು ದಾಖಲಿಸಬೇಕಾದ ಸಂಗತಿಯೆಂದು ತಮ್ಮ ಆತ್ಮಕಥನದಲ್ಲಿ ಬರೆದಿಟ್ಟರು. ಜನಜಂಗುಳಿಯ ನಡುವೆ ಸಿಕ್ಕ ಸ್ವಲ್ಪ ಬಿಡುವನ್ನೂ ಆ ಧರ್ಮಾಧ್ಯಕ್ಷರು ಓದಿಗೆ ಮೀಸಲಿಟ್ಟಿದ್ದರು. ಅವರನ್ನು ಮಾತನಾಡಿಸಲು ಬಂದವರು ತೊಂದರೆ ಕೊಡಲು ಮನಸ್ಸಾಗದೆ ಸುಮ್ಮನೆ ಕುಳಿತಿದ್ದು ಹೊರಟುಹೋಗುತ್ತಿದ್ದರಂತೆ. 387ರ ಪಾಸ್ಖ ಹಬ್ಬದಲ್ಲಿ ಅದೇ ಆಂಬ್ರೋಸರ ಕೈಯಿಂದ ಅಗಸ್ಟೀನರು ದೀಕ್ಷಾಸ್ನಾನ ಪಡೆದರು.

ಮಠದ ದಿನಚರಿಯಲ್ಲಿ

ಬಿಡುವಿದ್ದಾಗ ಓದುವುದಕ್ಕೂ ಬಿಡುವು ಮಾಡಿಕೊಂಡು ಓದುವುದಕ್ಕೂ ಬಹಳ ವ್ಯತ್ಯಾಸವಿದೆ. ಇದನ್ನು ಚೆನ್ನಾಗಿ ಅರಿತವರು ಆರನೆಯ ಶತಮಾನದ ಸಂತ ಬೆನೆಡಿಕ್ಟರು. ಇಟಲಿಯ ಮೊಂತೆ ಕಸ್ಸಿನೊ ಬೆಟ್ಟದ ಮೇಲಿನ ಮಠಕ್ಕಾಗಿ ಅವರು ಬರೆದ ನಿಯಮಾವಳಿಯ 48ನೆಯ ಅಧ್ಯಾಯವು ಕೈದುಡಿಮೆಗೂ ದೈವಿಕ ಪಠಣಕ್ಕೂ ದಿನದಲ್ಲಿ ಗೊತ್ತಾದ ವೇಳೆಯನ್ನು ನಿಗದಿಪಡಿಸುತ್ತದೆ. ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬ ಸನ್ಯಾಸಿಗೂ ಒಂದೊಂದು ಗ್ರಂಥವನ್ನು ಕೊಡಬೇಕು. ಅದನ್ನು ಅಲ್ಲಲ್ಲಿ ಹೆಕ್ಕದೆ ಮೊದಲಿನಿಂದ ಕೊನೆಯವರೆಗೆ ಓದಬೇಕು. ಓದಿನ ವೇಳೆಯಲ್ಲಿ ಒಬ್ಬಿಬ್ಬರು ಹಿರಿಯರು ಮಠವನ್ನು ಸುತ್ತಿ, ಯಾರಾದರೂ ಹರಟೆಯಲ್ಲಿ ಕಾಲ ಕಳೆಯುತ್ತಿರುವರೇ ಎಂದು ನೋಡಿಬರಬೇಕು. ಈ ಕೊನೆಯ ನಿಯಮವನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಧೈರ್ಯವೂ ಬರುತ್ತದೆ. ಎಲ್ಲವನ್ನೂ ತೊರೆದು ಬಂದ ಸನ್ಯಾಸಿಗಳಿಗೂ ಓದಲು ಕೂರುವುದು ಸುಲಭವಾಗಿರಲಿಲ್ಲ! ಸಂತ ಬೆನೆಡಿಕ್ಟರು ಮನುಷ್ಯನ ಉತ್ಸಾಹವನ್ನು ನೆಚ್ಚಿಕೊಳ್ಳಲಿಲ್ಲ, ವೇಳೆಯನ್ನು ನೆಚ್ಚಿಕೊಂಡರು.

ಗ್ವಿಗೋ ಕಟ್ಟಿದ ಏಣಿ

ಈ ಅಭ್ಯಾಸಕ್ಕೆ ಸ್ಪಷ್ಟವಾದ ರೂಪ ದೊರೆತದ್ದು ಹನ್ನೆರಡನೆಯ ಶತಮಾನದಲ್ಲಿ. ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವೆ 1084ರಲ್ಲಿ ಸಂತ ಬ್ರೂನೋ ಸ್ಥಾಪಿಸಿದ ಗ್ರಾಂದ್ ಶಾರ್ತ್ರೂಜ್ ಮಠದಲ್ಲಿ ಎರಡನೆಯ ಗ್ವಿಗೋ ಎಂಬ ಹಿರಿಯರಿದ್ದರು. ಅವರು ಗೆರ್ವಾಸ್ ಎಂಬ ಸಹೋದರ ಸನ್ಯಾಸಿಗೆ ಬರೆದ ಒಂದು ಪತ್ರವೇ ಮುಂದೆ "ಸನ್ಯಾಸಿಗಳ ಏಣಿ" ಎಂದು ಹೆಸರಾಯಿತು. ತಾವು ಕೈದುಡಿಮೆಯಲ್ಲಿ ತೊಡಗಿದ್ದಾಗ ಒಂದು ದಿನ ಈ ನಾಲ್ಕು ಮೆಟ್ಟಿಲುಗಳ ಏಣಿ ಮನಸ್ಸಿಗೆ ಹೊಳೆಯಿತೆಂದು ಅವರು ಹೇಳುತ್ತಾರೆ. ಓದು, ಮನನ, ಪ್ರಾರ್ಥನೆ, ದೈವದರ್ಶನದ ಮೌನ: ಇವೇ ಆ ನಾಲ್ಕು ಮೆಟ್ಟಿಲುಗಳು.

ಅವರ ವಿವರಣೆ ಯಾವ ಗೃಹಿಣಿಗೂ ಅರ್ಥವಾಗುವಂಥದ್ದು. ಓದು ಎಂದರೆ ತುತ್ತನ್ನು ಬಾಯಿಗಿಡುವುದು. ಮನನ ಎಂದರೆ ಅಗಿಯುವುದು. ಪ್ರಾರ್ಥನೆಯು ಅದರ ರುಚಿಯನ್ನು ಹೊರತರುತ್ತದೆ. ನಾಲ್ಕನೆಯದು ಆ ಸವಿಯೇ. ಅದು ನಮ್ಮ ಸಾಧನೆಯಲ್ಲ, ದೇವರ ಕೊಡುಗೆ. ಗ್ವಿಗೋ ಉದಾಹರಣೆಗೆ ಆರಿಸಿಕೊಂಡದ್ದು ಪರ್ವತ ಪ್ರಸಂಗದ ಒಂದೇ ಒಂದು ವಾಕ್ಯವನ್ನು: ನಿರ್ಮಲ ಹೃದಯಿಗಳು ದೇವರನ್ನು ಕಾಣುವರೆಂಬ ಮಾತನ್ನು. ಒಂದು ದ್ರಾಕ್ಷಿಹಣ್ಣನ್ನು ಬಾಯಿಗಿಟ್ಟು ಅಗಿಯುವಂತೆ ಅವರು ಆ ಪುಟ್ಟ ವಾಕ್ಯದ ಬಳಿ ನಿಲ್ಲುತ್ತಾರೆ. ಕೈ ನಿರ್ಮಲವಾಗಿರಲಿ ಎನ್ನದೆ ಹೃದಯ ನಿರ್ಮಲವಾಗಿರಲಿ ಎಂದದ್ದೇಕೆ? ಅಂಥ ಹೃದಯ ನನಗಿದೆಯೇ? ಇಲ್ಲವೆಂದು ಅರಿವಾದಾಗ ನಾನು ಯಾರ ಮೊರೆಹೋಗಲಿ? ಆ ಪ್ರಶ್ನೆ ತಾನಾಗಿಯೇ ಪ್ರಾರ್ಥನೆಯಾಗುತ್ತದೆ.

ಈ ನಾಲ್ಕನ್ನೂ ಒಂದರಿಂದೊಂದು ಬೇರ್ಪಡಿಸಬಾರದೆಂದು ಗ್ವಿಗೋ ಎಚ್ಚರಿಸುತ್ತಾರೆ. ಮನನವಿಲ್ಲದ ಓದು ಒಣಗಿರುತ್ತದೆ. ಓದಿನ ಆಧಾರವಿಲ್ಲದ ಮನನ ದಾರಿ ತಪ್ಪುತ್ತದೆ. ಪ್ರಾರ್ಥನೆಯಿಲ್ಲದ ಮನನ ಫಲ ಕೊಡುವುದಿಲ್ಲ. ಈ ಎಚ್ಚರಿಕೆ ನನಗೇ ಬರೆದದ್ದೆಂದು ಒಂದು ದಿನ ಅನ್ನಿಸಿತು. ಗುರುಮಠದಲ್ಲಿ ನಾವು ಪವಿತ್ರ ಗ್ರಂಥವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಗ್ರೀಕ್ ಪದಗಳ ಮೂಲ ಬಲ್ಲೆವು, ಪರೀಕ್ಷೆಗಳಲ್ಲಿ ಅಂಕ ಪಡೆದೆವು. ಗುರುಪಟ್ಟ ದೊರೆತು ಹಲವು ವರ್ಷಗಳಾದ ಮೇಲೆ ಒಂದು ಧ್ಯಾನಕೂಟದಲ್ಲಿ ನನ್ನನ್ನು ನಾನೇ ಪರೀಕ್ಷಿಸಿಕೊಂಡೆ. ಪ್ರಬೋಧನೆಯ ಸಿದ್ಧತೆಗಲ್ಲದೆ, ನನಗಾಗಿಯೇ ಶುಭಸಂದೇಶವನ್ನು ಕೊನೆಯ ಬಾರಿಗೆ ಓದಿದ್ದು ಯಾವಾಗ? ನೆನಪಾಗಲಿಲ್ಲ. ಅಡುಗೆ ಮಾಡಿ ಎಲ್ಲರಿಗೂ ಬಡಿಸಿ, ತಾನು ಮಾತ್ರ ಉಪವಾಸ ಉಳಿದವನ ಸ್ಥಿತಿ ನನ್ನದಾಗಿತ್ತು.

ದೂರ ಸರಿದ ಗ್ರಂಥ

ಮಠಗಳಲ್ಲಿ ಬೆಳಗುತ್ತಿದ್ದ ಈ ದೀಪ ಸಾಮಾನ್ಯರ ಮನೆಗಳನ್ನು ಏಕೆ ತಲುಪಲಿಲ್ಲ? ಅಂದಿನ ಜನರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಕೈಬರಹದ ಗ್ರಂಥಗಳು ಬಹಳ ದುಬಾರಿಯಾಗಿದ್ದವು. ಲತೀನ್ ಭಾಷೆ ಜನರ ಆಡುಭಾಷೆಯಾಗಿ ಉಳಿದಿರಲಿಲ್ಲ. ಆದರೂ ಜನ ಬರಿಗೈಯಲ್ಲಿ ಉಳಿಯಲಿಲ್ಲ. ಮಠಗಳಲ್ಲಿ 150 ಕೀರ್ತನೆಗಳನ್ನು ಹಾಡುತ್ತಿದ್ದಂತೆ, ಓದಲು ಬಾರದವರು 150 ಬಾರಿ "ನಮೋ ಮರಿಯಾ" ಜಪಿಸಿದರು. ಯೇಸುವಿನ ಜೀವನದ ರಹಸ್ಯಗಳ ಧ್ಯಾನವೂ ಅದರೊಡನೆ ಸೇರಿತು. ಬಡವರ ಕೀರ್ತನೆಗಳಾಗಿ ಬೆಳೆದ ಜಪಸರವು ಹೀಗೆ ಶುಭಸಂದೇಶವನ್ನೇ ಬೆರಳುಗಳಲ್ಲಿ ಎಣಿಸುವ ಪ್ರಾರ್ಥನೆ. ಜಪಸರವೋ ಬೈಬಲೋ ಎಂದು ಕೇಳುವವರು ಈ ಇತಿಹಾಸವನ್ನು ನೆನೆಯಬೇಕು.

ಇನ್ನೊಂದು ಕಾರಣವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಭಿನ್ನಮತಗಳ ಭಯದಿಂದ 1229ರಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿ ನಡೆದ ಪ್ರಾಂತೀಯ ಸಭೆಯು, ಕೀರ್ತನೆಗಳಂಥ ಪ್ರಾರ್ಥನಾ ಪುಸ್ತಕಗಳ ಹೊರತು ಪವಿತ್ರ ಗ್ರಂಥದ ಭಾಗಗಳನ್ನು ಶ್ರೀಸಾಮಾನ್ಯರು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಪ್ರಾಟೆಸ್ಟೆಂಟ್ ಸುಧಾರಣೆಯ ನಂತರ 1564ರ ನಿಯಮಗಳ ಪ್ರಕಾರ ಜನಭಾಷೆಯ ಬೈಬಲನ್ನು ಓದಲು ಲಿಖಿತ ಅನುಮತಿ ಬೇಕಾಗಿತ್ತು. 1757ರಲ್ಲಿ ಈ ಕಟ್ಟುನಿಟ್ಟು ಸಡಿಲಗೊಂಡರೂ, ಬೈಬಲ್ ಗುರುಗಳ ಗ್ರಂಥ, ನಮ್ಮದಲ್ಲ ಎಂಬ ಭಾವನೆ ಜನರ ಮನದಲ್ಲಿ ಬೇರೂರಿತು. ತಪ್ಪಾದ ವ್ಯಾಖ್ಯಾನದಿಂದ ವಿಶ್ವಾಸಿಗಳನ್ನು ಕಾಪಾಡಬೇಕೆಂಬುದು ಆ ಎಚ್ಚರದ ಉದ್ದೇಶ. ಆದರೆ ಮಗುವಿನ ಗಂಟಲಿಗೆ ಸಿಕ್ಕೀತೆಂಬ ಭಯದಿಂದ ಊಟವನ್ನೇ ದೂರವಿಟ್ಟರೆ ಮಗು ಬಡವಾಗುತ್ತದೆ. ಶೋಕೇಸಿನ ಗಾಜಿನ ಹಿಂದಿರುವ ಬೈಬಲನ್ನು ಕಂಡಾಗ, ಈ ಹಳೆಯ ಅಂಜಿಕೆಯ ನೆರಳು ಇನ್ನೂ ಉಳಿದಿದೆಯೇ ಎಂದು ಅನ್ನಿಸುವುದುಂಟು.

ಮರಳಿ ಮನೆಗೆ

ಮರುಪಯಣ ನಿಧಾನವಾಗಿ ಆರಂಭವಾಯಿತು. 1898ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು, ದಿನಕ್ಕೆ ಕಾಲು ಗಂಟೆಯಾದರೂ ಭಕ್ತಿಯಿಂದ ಶುಭಸಂದೇಶವನ್ನು ಓದುವವರಿಗೆ ದಂಡವಿಮೋಚನೆಯ ಅನುಗ್ರಹವನ್ನು ಘೋಷಿಸಿದರು. ಅವರು ಕೇಳಿದ್ದು ಕಾಲು ಗಂಟೆಯನ್ನು ಮಾತ್ರ! 1943ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಬೈಬಲ್ ಅಧ್ಯಯನಕ್ಕೆ ಹೊಸ ಉತ್ತೇಜನ ನೀಡಿದರು. 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು "ದೇಯಿ ವೆರ್ಬುಮ್" ಎಂಬ ಸಂವಿಧಾನವನ್ನು 2,344 ಮತಗಳಿಂದ ಅಂಗೀಕರಿಸಿತು. ವಿರೋಧವಾಗಿ ಬಿದ್ದವು ಆರೇ ಮತಗಳು. ಪವಿತ್ರ ಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ಅಗಲವಾಗಿ ತೆರೆದಿರಬೇಕೆಂದೂ, ಓದಿನ ಜೊತೆಗೆ ಪ್ರಾರ್ಥನೆ ಇರಲೇಬೇಕೆಂದೂ ಅದು ಸಾರಿತು. 1969ರ ಹೊಸ ವಾಚನ ಗ್ರಂಥವು ಭಾನುವಾರಗಳಿಗೆ ಮೂರು ವರ್ಷಗಳ, ವಾರದ ದಿನಗಳಿಗೆ ಎರಡು ವರ್ಷಗಳ ವಾಚನಕ್ರಮವನ್ನು ತಂದಿತು. ಅದಕ್ಕೆ ಮುಂಚೆ ಭಾನುವಾರದ ಬಲಿಪೂಜೆಯಲ್ಲಿ ಹಳೆಯ ಒಡಂಬಡಿಕೆಯ ವಾಚನ ಕೇಳಿಬರುವುದೇ ಅಪರೂಪವಾಗಿತ್ತು.

ನಮ್ಮ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಕಥೋಲಿಕರಾದ ನಮ್ಮ ಅಜ್ಜ ಅಜ್ಜಿಯರಾದರೋ 1960ರ ದಶಕದವರೆಗೂ ಬಲಿಪೂಜೆಯಲ್ಲಿ ಕೇಳಿದ್ದು ಲತೀನನ್ನು. ಅರ್ಥ ತಿಳಿಯದಿದ್ದರೂ ಮೊಣಕಾಲೂರಿ ವಿಶ್ವಾಸವನ್ನು ಕಾಪಾಡಿಕೊಂಡು ಬಂದವರು ಅವರು. ಅವರು ಎಂದೂ ಕೈಯಲ್ಲಿ ಹಿಡಿಯದ ಗ್ರಂಥ ಇಂದು ನಮ್ಮ ತಾಯ್ನುಡಿಯಲ್ಲಿ ನಮ್ಮ ಮನೆಯಲ್ಲಿದೆ.

ಮತ್ತೊಮ್ಮೆ ಮಿಲಾನ್ ನಗರಕ್ಕೆ ಬರೋಣ. ಸಂತ ಆಂಬ್ರೋಸರ ಪೀಠಕ್ಕೆ 1980ರಲ್ಲಿ ಬಂದವರು ಯೇಸುಸಭೆಯ ಬೈಬಲ್ ವಿದ್ವಾಂಸ ಕಾರ್ಲೋ ಮರಿಯಾ ಮಾರ್ತೀನಿ. ಆ ವರ್ಷವೇ ಅವರು ತಮ್ಮ ಪ್ರಧಾನಾಲಯದಲ್ಲಿ ಯುವಜನರಿಗಾಗಿ "ದೈವವಾಕ್ಯದ ಶಾಲೆ"ಯನ್ನು ಆರಂಭಿಸಿದರು. ತಿಂಗಳಿಗೊಮ್ಮೆ ಸಂಜೆ ಸಾವಿರಾರು ತರುಣ ತರುಣಿಯರು ಬಂದು ಸೇರುತ್ತಿದ್ದರು. ಒಂದು ವಾಕ್ಯಭಾಗದ ಓದು, ಅದರ ವಿವರಣೆ, ನಂತರ ದೀರ್ಘ ಮೌನ: ಇಷ್ಟೇ ಅಲ್ಲಿಯ ಕ್ರಮ. ಕಾರ್ಖಾನೆಗಳ, ವ್ಯಾಪಾರದ ಗದ್ದಲದ ಆ ನಗರದಲ್ಲಿ ಯುವಜನರು ಮೌನಕ್ಕಾಗಿ ಬಂದರು. ಮಠದ ಗೋಡೆಯೊಳಗಿದ್ದ ಗ್ವಿಗೋನ ಏಣಿ ಹೀಗೆ ಊರಿನ ನಡುವೆ ನಿಂತಿತು.

ನಮ್ಮ ಮನೆಯ ಏಣಿ

2010ರ "ವೆರ್ಬುಮ್ ದೋಮಿನಿ" ಪ್ರೇಷಿತ ಪತ್ರದಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಈ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿ, ಕೊನೆಗೆ ಕ್ರಿಯೆಯನ್ನೂ ಸೇರಿಸಿದರು: ಓದಿದ ವಾಕ್ಯ ಪರರಿಗಾಗಿ ಬಾಳುವ ಬದುಕಾಗದಿದ್ದರೆ ಓದು ಪೂರ್ಣವಾಗಲಿಲ್ಲ. 2019ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಘೋಷಿಸಿದರು. ಎರಡೂ ಪತ್ರಗಳ ದಿನಾಂಕ ಸೆಪ್ಟೆಂಬರ್ 30. ಬೈಬಲನ್ನು ಲತೀನಿಗೆ ತಂದ ಸಂತ ಜೆರೋಮರ ಹಬ್ಬ.

ಹಾಗಾದರೆ ಮನೆಯಲ್ಲಿ ಏನು ಮಾಡೋಣ? ಬೆನೆಡಿಕ್ಟರಂತೆ ಒಂದು ವೇಳೆಯನ್ನು ಗೊತ್ತುಮಾಡೋಣ; ಕಾಲು ಗಂಟೆ ಸಾಕು. ಬೈಬಲನ್ನು ಕಣ್ಣುಮುಚ್ಚಿ ತೆರೆದು ಸಿಕ್ಕ ವಾಕ್ಯವನ್ನು ಶಕುನದಂತೆ ನೋಡುವುದು ಬೇಡ. ಧರ್ಮಸಭೆ ಆ ದಿನಕ್ಕೆ ಕೊಟ್ಟ ಶುಭಸಂದೇಶವನ್ನೇ ತೆಗೆದುಕೊಳ್ಳೋಣ. ಮನೆಯ ಮಕ್ಕಳಲ್ಲೊಬ್ಬರು ಗಟ್ಟಿಯಾಗಿ, ಎರಡು ಸಲ ಓದಲಿ. ಸ್ವಲ್ಪ ಹೊತ್ತು ಸುಮ್ಮನಿರೋಣ. ಮನಸ್ಸಿಗೆ ತಾಗಿದ ಒಂದು ಮಾತನ್ನು ಪ್ರತಿಯೊಬ್ಬರೂ ಹೇಳಲಿ; ಪ್ರಬೋಧನೆ ಬೇಡ, ವಾದ ಬೇಡ. ಆ ವಾಕ್ಯವನ್ನು ಗಂಡನಿಗೋ ಸೊಸೆಗೋ ಚುಚ್ಚಲು ಬಳಸದಿರೋಣ; ಅದು ಮೊದಲು ನನಗೆ ಬಂದ ಪತ್ರ. ಬೆಳಿಗ್ಗೆ ಮೊಬೈಲಿಗೆ ಬಂದ ವಾಕ್ಯವನ್ನು ಓದದೆಯೇ ಹತ್ತು ಜನರಿಗೆ ಕಳುಹಿಸುವುದು ಓದು ಅಲ್ಲ, ಅಂಚೆಯ ಕೆಲಸ. ಕಳುಹಿಸುವ ಮುನ್ನ ನಾವು ಒಮ್ಮೆ ಸವಿಯೋಣ.

ಎಲ್ಲ ದಿನವೂ ಸಿಹಿ ಇರುವುದಿಲ್ಲ. ಮನಸ್ಸು ಅಲೆದಾಡುವ, ಏನೂ ಅನ್ನಿಸದ ದಿನಗಳೇ ಹೆಚ್ಚು. ಕಳೆದ ತಿಂಗಳ ಇದೇ ದಿನ ಉಂಡದ್ದೇನೆಂದು ನಮಗೆ ನೆನಪಿಲ್ಲ. ಆದರೂ ಆ ಊಟವೇ ನಮ್ಮನ್ನು ಇಂದಿನವರೆಗೆ ಬದುಕಿಸಿದೆ. ವಿಶ್ವಾಸವೂ ಹಾಗೆಯೇ, ದಿನಕ್ಕೊಂದು ತುತ್ತಿನಿಂದ ಬೆಳೆಯುತ್ತದೆ.

ಆ ಅಜ್ಜಿ ಈಗ ಪ್ರಭುವಿನ ಸನ್ನಿಧಿಯಲ್ಲಿದ್ದಾರೆ. ಅವರ ಕಡೆಯ ದಿನಗಳಲ್ಲಿ ರೋಗಿಗಳ ಅಭ್ಯಂಗ ಸಂಸ್ಕಾರ ನೀಡಲು ಹೋದಾಗ ಅವರಿಗೆ ಮಾತು ನಿಂತಿತ್ತು. ಮೊಮ್ಮಗ ಹಾಸಿಗೆಯ ಬಳಿ ಕುಳಿತು ಶುಭಸಂದೇಶವನ್ನು ಓದಿದ. ಓದಿ ಮುಗಿಸಿದವನು, ಯಾರೂ ಹೇಳದಿದ್ದರೂ, ಮತ್ತೆ ಮೊದಲಿನಿಂದ ಓದತೊಡಗಿದ. ಅವನಿಗೆ ಯಾವ ಗುರುಮಠವೂ ಕಲಿಸದ ಪಾಠ ಅದು.

ಈ ಸಲ ಮನೆಗಳ ಆಶೀರ್ವಾದಕ್ಕೆ ಬಂದಾಗ, ನಿಮ್ಮ ಮನೆಯಲ್ಲಿ ಬೈಬಲ್ ಇದೆಯೇ ಎಂದು ನಾನು ಕೇಳುವುದಿಲ್ಲ. ನಿನ್ನೆ ರಾತ್ರಿ ಯಾರು ಓದಿದರು, ಯಾವ ಮಾತು ಉಳಿಯಿತು ಎಂದು ಕೇಳುತ್ತೇನೆ. ಅದೇ ಪ್ರಶ್ನೆಯನ್ನು ನೀವೂ ನನಗೆ ಕೇಳಿ.