ಎಳೆ ಕಡಿದರೆ ಮಗ್ಗ ನಿಲ್ಲಬೇಕು

ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಕೈಮಗ್ಗ ನೇಯುವುದನ್ನು ನೀವು ನೋಡಿರಬಹುದು. ಹಾಸಿನ ಒಂದು ಎಳೆ ಕಡಿದರೆ ನೇಕಾರರ ಕೈ ತಾನಾಗಿಯೇ ನಿಲ್ಲುತ್ತದೆ. ಗಂಟು ಹಾಕಿದ ಮೇಲೆಯೇ ಲಾಳಿ ಮತ್ತೆ ಓಡುತ್ತದೆ. ಯಂತ್ರಮಗ್ಗಕ್ಕೆ ಈ ಕಣ್ಣಿರಲಿಲ್ಲ. ಎಳೆ ಕಡಿದರೂ ಅದು ಕೆಟ್ಟ ಬಟ್ಟೆಯನ್ನು ಮೊಳಗಟ್ಟಲೆ ನೇಯುತ್ತಲೇ ಹೋಗುತ್ತಿತ್ತು. ಅದನ್ನು ಕಾಯಲು ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕಾಗಿತ್ತು.

ಜಪಾನಿನ ಬಡಗಿಯೊಬ್ಬರ ಮಗ ಸಾಕಿಚಿ ಟೊಯೋಡಾ (1867-1930) ಬಾಳಿನ ಬಹುಭಾಗವನ್ನು ಇಂಥ ತೊಂದರೆಗಳನ್ನು ನೀಗುವುದಕ್ಕೇ ಕೊಟ್ಟರು. 1924ರಲ್ಲಿ ಅವರು ಪೂರೈಸಿದ ಮಗ್ಗ, ಎಳೆ ಕಡಿದ ಕೂಡಲೇ ತಾನೇ ನಿಲ್ಲುತ್ತಿತ್ತು. ಹೊಕ್ಕಿನ ನೂಲು ಮುಗಿದರೆ ಓಟ ನಿಲ್ಲಿಸದೆಯೇ ಲಾಳಿ ಬದಲಾಯಿಸಿಕೊಳ್ಳುತ್ತಿತ್ತು. ಕಾವಲಿನ ಕೆಲಸ ತಪ್ಪಿದ್ದರಿಂದ ಒಬ್ಬರೇ ಹಲವಾರು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆ ಇದರ ಹಕ್ಕನ್ನು ಕೊಂಡಿತು. ಲೋಕಕ್ಕೆಲ್ಲ ಜವಳಿಯಂತ್ರ ಮಾರುತ್ತಿದ್ದ ನಾಡು ಜಪಾನಿನಿಂದ ಮಗ್ಗದ ಹಕ್ಕು ಕೊಂಡದ್ದು ಸಣ್ಣ ಸಂಗತಿಯಲ್ಲ!

ಸಾಕಿಚಿಯವರ ಮಗ ಕೀಚಿರೋ ಮೋಟಾರು ವಾಹನದ ಕಡೆಗೆ ಹೊರಳಿದರು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಹುಟ್ಟಿತು. ಎರಡನೆಯ ಮಹಾಯುದ್ಧದ ನಂತರ ಅದು ದಿವಾಳಿಯ ಅಂಚಿಗೆ ಬಂತು. 1950ರಲ್ಲಿ ಮುಷ್ಕರ ನಡೆಯಿತು, ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟು ಹೋಗಬೇಕಾಯಿತು, ಕೀಚಿರೋ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದೇ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆ ಟ್ರಕ್ಕುಗಳನ್ನು ಕೇಳಿದ್ದರಿಂದ ಕಂಪನಿ ಚೇತರಿಸಿಕೊಂಡಿತು. ಯಶಸ್ಸಿನ ಕಥೆ ಹೇಳುವವರು ಈ ಅದೃಷ್ಟದ ಪಾಲನ್ನು ಮರೆಯುವುದುಂಟು.

ನೇಯ್ಗೆ ಕಾರ್ಖಾನೆಯಿಂದ 1943ರಲ್ಲಿ ಮೋಟಾರು ಕಂಪನಿಗೆ ಬಂದಿದ್ದ ತಾಯಿಚಿ ಓನೋ, ಮಗ್ಗದ ಪಾಠವನ್ನು ಇಡೀ ಕಾರ್ಖಾನೆಗೆ ಹರಡಿದರು. ಜಪಾನೀ ಭಾಷೆಯಲ್ಲಿ ದುಂದಿಗೆ 'ಮುದಾ' ಎನ್ನುತ್ತಾರೆ. ಓನೋ ಏಳು ಬಗೆಯ ದುಂದನ್ನು ಗುರುತಿಸಿದರು. ಕಾಯುವುದು, ಅನಾವಶ್ಯಕವಾಗಿ ಸಾಗಿಸುವುದು, ದೋಷದ ವಸ್ತು, ಹೀಗೆ. ಆದರೆ ಅವರ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಬೇಕಾದದ್ದಕ್ಕಿಂತ ಹೆಚ್ಚು ತಯಾರಿಸುವುದು. ಏಕೆ ಗೊತ್ತೇ? ದಾಸ್ತಾನು ರಾಶಿ ಬಿದ್ದಿದ್ದರೆ ಯಂತ್ರ ಕೆಟ್ಟರೂ ಯಾರಿಗೂ ತಟ್ಟುವುದಿಲ್ಲ. ತಪ್ಪುಗಳೆಲ್ಲ ಆ ರಾಶಿಯ ಹಿಂದೆ ಅಡಗಿಕೊಳ್ಳುತ್ತವೆ.

ಇದಕ್ಕೆ ಉಪಾಯ ಹೊಳೆದದ್ದು ಅಮೆರಿಕದ ಸೂಪರ್ ಮಾರ್ಕೆಟ್ಟಿನ ಕ್ರಮದಿಂದ. ಗಿರಾಕಿ ತನಗೆ ಬೇಕಾದಷ್ಟನ್ನೇ ಕಪಾಟಿನಿಂದ ಎತ್ತಿಕೊಳ್ಳುತ್ತಾನೆ, ಖಾಲಿಯಾದಷ್ಟನ್ನೇ ಅಂಗಡಿಯವರು ತುಂಬುತ್ತಾರೆ. ಓನೋ ಕಾರ್ಖಾನೆಯಲ್ಲೂ ಹಾಗೆಯೇ ಮಾಡಿಸಿದರು. ಮುಂದಿನ ವಿಭಾಗ ಬಿಡಿಭಾಗಗಳನ್ನು ಒಯ್ದಾಗ ಒಂದು ಚೀಟಿ ಹಿಂದಿನ ವಿಭಾಗಕ್ಕೆ ಮರಳುತ್ತದೆ. ಚೀಟಿ ಬಾರದೆ ಯಾರೂ ಏನನ್ನೂ ತಯಾರಿಸುವಂತಿಲ್ಲ. ಆ ಚೀಟಿಯೇ 'ಕಾನ್‌ಬಾನ್'. ಇನ್ನು ದೋಷ ಕಂಡರೆ ಸಾಮಾನ್ಯ ಕಾರ್ಮಿಕನೂ ಹಗ್ಗವೆಳೆದು ಇಡೀ ಸಾಲನ್ನು ನಿಲ್ಲಿಸಬಹುದಿತ್ತು. ಸಾಕಿಚಿಯವರ ಮಗ್ಗವನ್ನು ಇಲ್ಲಿ ನೆನೆಯಿರಿ.

ದಾಸ್ತಾನಿಲ್ಲದ ವ್ಯವಸ್ಥೆಗೆ ಅಪಾಯವೂ ಉಂಟು. 1997ರ ಫೆಬ್ರವರಿ 1ರಂದು ಬ್ರೇಕಿನ ವಾಲ್ವ್ ತಯಾರಿಸುತ್ತಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಜಪಾನಿನಲ್ಲಿ ಟೊಯೋಟಾದ ಸಾಲುಗಳು ದಿನಗಟ್ಟಲೆ ನಿಂತವು. ಮನುಷ್ಯರ ಕಥೆ ಇನ್ನೂ ಗಂಭೀರ. ಪತ್ರಕರ್ತ ಸಾತೋಶಿ ಕಾಮಾತಾ 1972ರಲ್ಲಿ ಹಂಗಾಮಿ ಕಾರ್ಮಿಕರಾಗಿ ಟೊಯೋಟಾ ಸೇರಿ, ಸಾಲಿನ ವೇಗ ಮೈಯನ್ನು ಹೇಗೆ ಹಿಂಡುತ್ತದೆಂದು ಪುಸ್ತಕ ಬರೆದರು. ಕೈ ಬಿಡುವಾಗಿರುವ ಒಂದು ಕ್ಷಣ ದುಂದೋ, ಉಸಿರಾಟವೋ? ಲೆಕ್ಕದ ಪುಸ್ತಕ ಇದನ್ನು ಹೇಳಲಾರದು.

1990ರ ಸುಮಾರಿಗೆ ಈ ಪದ್ಧತಿ 'ಲೀನ್' ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹಬ್ಬಿತು. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಕೊನೆಗೆ ಉತ್ಪಾದನೆ ಆರಂಭವಾಯಿತು. 2020ರ ನವೆಂಬರ್‌ನಲ್ಲಿ ಅಲ್ಲಿ ಮುಷ್ಕರ, ಲಾಕ್‌ಔಟ್ ನಡೆದಾಗ ಕಾರ್ಮಿಕ ಸಂಘದ ದೂರುಗಳಲ್ಲಿ ಕೆಲಸದ ಒತ್ತಡವೂ ಒಂದಾಗಿತ್ತು.