ಒಳಕಿವಿಯ ನಾಳಕ್ಕೆ ಹಾಕಿದ ಬಿರಡೆ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಕೋಣೆಯೇ ಗಿರ್ರನೆ ತಿರುಗಿ, ನಿಮಿಷದೊಳಗೆ ನಿಂತುಬಿಡುವ ತಲೆಸುತ್ತಿಗೆ ಇಂದು ಶಸ್ತ್ರಚಿಕಿತ್ಸೆ ಬೇಕಾಗುವುದು ತೀರ ಅಪರೂಪ. ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿದರೆ ಹೆಚ್ಚಿನವರಿಗೆ ಗುಣವಾಗುತ್ತದೆ. ಹಾಗೆಂದು ಇದೇ ಕಾಯಿಲೆಗೆ ಹಿಂದೆ ಹುಡುಕಿದ ಶಸ್ತ್ರಚಿಕಿತ್ಸೆಗಳನ್ನು ದಾರಿ ತಪ್ಪಿದ ಪ್ರಯತ್ನಗಳೆಂದು ತಳ್ಳಿಹಾಕುವುದು ಅನ್ಯಾಯ. ಕಾಯಿಲೆಯ ಮೂಲವನ್ನು ಬದುಕಿರುವ ಮನುಷ್ಯರ ಕಿವಿಯಲ್ಲೇ ಕಣ್ಣಾರೆ ಕಾಣಿಸಿದ್ದು ಅಂಥದೊಂದು ಶಸ್ತ್ರಚಿಕಿತ್ಸೆ.

ಒಳಕಿವಿಯ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ಅದು ಕದಲಿ, ನಾಳದ ಬುಡದಲ್ಲಿರುವ ಸಂವೇದಕ ಪೊರೆಯನ್ನು ಬಾಗಿಸುತ್ತದೆ. ಸುಣ್ಣದ ಹರಳುಗಳು ಈ ಪೊರೆಗೆ ಅಂಟಿಕೊಳ್ಳುವುದೇ ತಲೆಸುತ್ತಿಗೆ ಕಾರಣವೆಂದು 1969ರಲ್ಲಿ ಅಮೆರಿಕದ ಹೆರಾಲ್ಡ್ ಶುಕ್‌ನೆಕ್ಟ್ ಹೇಳಿದರು. 1974ರಲ್ಲಿ ರಿಚರ್ಡ್ ಗಾಸೆಕ್ ಹಿಂಬದಿಯ ನಾಳದ ನರವನ್ನೇ ಕತ್ತರಿಸುವ ವಿಧಾನವನ್ನು ಪ್ರಕಟಿಸಿದರು. ಕೆಲಸ ಬಲು ನಾಜೂಕಿನದು, ಕೇಳುವ ಶಕ್ತಿಗೇ ಕುತ್ತು ಬರಬಹುದಿತ್ತು. ಕೆನಡಾದ ಲೋರ್ನ್ ಪಾರ್ನೆಸ್ ಮತ್ತು ಜೋಸೆಫ್ ಮೆಕ್ಲೂರ್ 1990ರಲ್ಲಿ ಬೇರೆ ದಾರಿ ತೋರಿಸಿದರು: ನರವನ್ನು ಮುಟ್ಟದೆ ನಾಳಕ್ಕೇ ಬಿರಡೆ ಹಾಕುವುದು. ದ್ರವ ಕದಲದಿದ್ದರೆ ಪೊರೆ ಬಾಗುವುದಿಲ್ಲ. ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ ಎವಾಲ್ಡ್ ನಾಳ ಮುಚ್ಚುವ ಉಪಾಯವನ್ನು 1892ರಷ್ಟು ಹಿಂದೆಯೇ ಬಳಸಿದ್ದರು. ಬಿರಡೆ ಹಾಕಲು ಮೂಳೆಯನ್ನು ಸವೆಸಿ ಒಳಗಿನ ಪೊರೆನಾಳವನ್ನು ತೆರೆದಿಡಬೇಕು. ಹಾಗೆ ತೆರೆದಾಗ ದ್ರವದಲ್ಲಿ ತೇಲುವ ಕಣಗಳು ಕಂಡವು. 1992ರಲ್ಲಿ ಇಬ್ಬರೂ ಅದನ್ನು ವರದಿ ಮಾಡಿದರು. ಕಣಗಳು ಅಂಟಿಕೊಂಡಿರದೆ ತೇಲುತ್ತಿವೆ ಎಂದಾದರೆ, ಅವನ್ನು ಹೊರಳಿಸಿ ನಾಳದಿಂದ ಆಚೆ ಸಾಗಿಸಲೂಬಹುದು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ ತಲೆ ಹೊರಳಿಸುವ ಚಿಕಿತ್ಸೆಯನ್ನು 1980ರ ಆಸುಪಾಸಿನಲ್ಲೇ ತೋರಿಸಿದ್ದರು. ಹಾಗಿದ್ದರೆ ಶಸ್ತ್ರಚಿಕಿತ್ಸೆಗೇಕೆ ಶ್ರೇಯ? ಚಿಕಿತ್ಸೆ ಎಪ್ಲಿಯದೇ, ಅನುಮಾನವಿಲ್ಲ. ಆದರೆ ಸಹವೈದ್ಯರು ಅದನ್ನು ಸುಲಭವಾಗಿ ನಂಬಲಿಲ್ಲ, ಅವರ ಪ್ರಬಂಧ ಪ್ರಕಟವಾದದ್ದೂ 1992ರಲ್ಲೇ. ಊಹೆಯ ಮೇಲೆ ನಿಂತಿದ್ದ ಚಿಕಿತ್ಸೆಗೆ ಕಣ್ಣಿಗೆ ಕಂಡ ಕಣಗಳು ಆಧಾರವಾದವು. ಬಿರಡೆಯ ಕೆಲಸವೂ ಅಲ್ಲಿಗೆ ಮುಗಿಯಲಿಲ್ಲ. ಮೇಲಿನ ನಾಳವನ್ನು ಮುಚ್ಚಿರುವ ಮೂಳೆಯಲ್ಲಿ ರಂಧ್ರವಿದ್ದರೆ ಜೋರು ಸದ್ದಿಗೇ ತಲೆ ಸುತ್ತುತ್ತದೆ, ಕಣ್ಣು ಹೊರಳುತ್ತದೆ. ಇದನ್ನು 1998ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಲಾಯ್ಡ್ ಮೈನರ್ ಮತ್ತು ಸಂಗಡಿಗರು ಗುರುತಿಸಿದರು. ಇಲ್ಲಿ ತಲೆ ಹೊರಳಿಸಿ ಫಲವಿಲ್ಲ. ಮೂಳೆಯ ರಂಧ್ರ ತಾನಾಗಿ ಕೂಡುವುದಿಲ್ಲ. ಸದ್ದಿನಿಂದ ದೂರವಿದ್ದು ಬದುಕು ಸಾಗಿಸಬಲ್ಲವರನ್ನು ವೈದ್ಯರು ಹಾಗೆಯೇ ಬಿಡುತ್ತಾರೆ, ಏಕೆಂದರೆ ಕಿವುಡಿನ ಅಪಾಯ ಈ ಶಸ್ತ್ರಚಿಕಿತ್ಸೆಯಲ್ಲೂ ಇದೆ. ಹಾಗೆ ಬದುಕಲಾಗದವರಿಗೆ ಇಂದಿಗೂ ಮಾಡುವುದು ನಾಳಕ್ಕೆ ಬಿರಡೆ ಹಾಕುವ ಅದೇ ಕೆಲಸ.