ಗಿರಣಿ ಕಾರ್ಮಿಕರ ದೊಡ್ಡಕ್ಕ: ಅನಸೂಯಾ ಸಾರಾಭಾಯಿ



ನಾಯಕ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕುರ್ಚಿ, ವೇದಿಕೆ, ಹೂವಿನ ಹಾರ. ಇತಿಹಾಸದ ಪಾಠದಲ್ಲಿಯೂ ನಾವು ಹೆಚ್ಚಾಗಿ ಓದುವುದು ಯುದ್ಧ ಗೆದ್ದವರನ್ನು, ರಾಜ್ಯ ಕಟ್ಟಿದವರನ್ನು. ಆದರೆ ಹತ್ತಾರು ಜನ ಸೇರಿ ದುಡಿಯುವ ಒಂದು ಕಾರ್ಖಾನೆಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ನಾಯಕತ್ವ ಎಂದರೇನು? ಅಲ್ಲಿ ಗೆಲ್ಲಬೇಕಾದದ್ದು ಯಾವ ಕೋಟೆಯನ್ನು?

ಉರ್ದುವಿನಲ್ಲಿ 'ಹಮ್‌ದರ್ದಿ' ಎಂಬ ಮಾತಿದೆ. ನಾವು ದಿನಾ ಬಳಸುವ ಮಾತು. 'ಹಮ್' ಎಂದರೆ ಜೊತೆ, 'ದರ್ದ್' ಎಂದರೆ ನೋವು. ಇನ್ನೊಬ್ಬರ ನೋವಿನಲ್ಲಿ ಜೊತೆಯಾಗುವುದೇ ಹಮ್‌ದರ್ದಿ. ಕನ್ನಡದ 'ಸಹಾನುಭೂತಿ'ಯ ಅರ್ಥವೂ ಅದೇ. ದೂರದಲ್ಲಿ ನಿಂತು 'ಅಯ್ಯೋ ಪಾಪ' ಎನ್ನುವುದಕ್ಕೆ ಈ ಎರಡು ಭಾಷೆಗಳಲ್ಲೂ ಆ ಹೆಸರು ಸಲ್ಲುವುದಿಲ್ಲ. ಈ ಮಾತಿನ ಅರ್ಥವನ್ನು ಬದುಕಿನಲ್ಲಿ ತೋರಿಸಿದ ಒಬ್ಬ ಮಹಿಳೆಯನ್ನು ಈ ಲೇಖನದಲ್ಲಿ ನಿಮಗೆ ಪರಿಚಯಿಸಬೇಕೆಂದಿದ್ದೇನೆ. ಅವರು ಅಹಮದಾಬಾದಿನ ಅನಸೂಯಾ ಸಾರಾಭಾಯಿ. ಬಾಹ್ಯಾಕಾಶ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರ ಹೆಸರು ನಿಮಗೆಲ್ಲ ಗೊತ್ತು. ಅನಸೂಯಾ ಅವರ ಸೋದರತ್ತೆ.

ಶ್ರೀಮಂತರ ಮನೆಯ ಅನಾಥೆ

ಅನಸೂಯಾ ಹುಟ್ಟಿದ್ದು 1885ರ ನವೆಂಬರ್ 11ರಂದು, ಅಹಮದಾಬಾದಿನ ಸಿರಿವಂತ ಜೈನ ಕುಟುಂಬದಲ್ಲಿ. ಒಂಬತ್ತನೆಯ ವಯಸ್ಸಿಗೆ ತಂದೆ ತಾಯಿ ಇಬ್ಬರೂ ತೀರಿಕೊಂಡರು. ತಮ್ಮ ಅಂಬಾಲಾಲ್ ಮತ್ತು ತಂಗಿಯೊಡನೆ ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದರು. 13ನೆಯ ವಯಸ್ಸಿನಲ್ಲಿ ಮದುವೆಯಾಯಿತು. ಆ ಮದುವೆ ಸುಖ ಕೊಡಲಿಲ್ಲ. ಹುಡುಗಿ ತವರಿಗೆ ಮರಳಿದಳು. ಅಂದಿನ ಸಮಾಜದಲ್ಲಿ ಅಂಥ ಹೆಣ್ಣುಮಗಳ ಪಾಲಿಗೆ ಉಳಿಯುತ್ತಿದ್ದದ್ದು ಮನೆಯ ಮೂಲೆ ಮಾತ್ರ.

ಆದರೆ ತಮ್ಮ ಅಂಬಾಲಾಲ್ ಅಕ್ಕನ ಬೆನ್ನಿಗೆ ನಿಂತರು. ಅವರ ನೆರವಿನಿಂದಲೇ ಅನಸೂಯಾ 1912ರಲ್ಲಿ ವೈದ್ಯಕೀಯ ಓದಲು ಇಂಗ್ಲೆಂಡಿಗೆ ಹೋದರು. ಪ್ರಾಣಿಗಳ ದೇಹ ಕೊಯ್ದು ಕಲಿಯುವುದು ಅವರ ಜೈನ ಮನಸ್ಸಿಗೆ ಒಗ್ಗಲಿಲ್ಲ. ಅದನ್ನು ಬಿಟ್ಟು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಹೆಂಗಸರು ಮತದಾನದ ಹಕ್ಕಿಗಾಗಿ ಅಲ್ಲಿ ನಡೆಸುತ್ತಿದ್ದ ಹೋರಾಟವನ್ನು ಕಣ್ಣಾರೆ ಕಂಡರು. 1913ರಲ್ಲಿ ಊರಿಗೆ ಮರಳಿ ಬಡ ಮಕ್ಕಳಿಗಾಗಿ ಶಾಲೆ ತೆರೆದರು. ಜಾತಿಯ ಭೇದವಿಲ್ಲದೆ ಎಲ್ಲ ಮಕ್ಕಳನ್ನೂ ಸೇರಿಸಿಕೊಂಡರು.

36 ಗಂಟೆಗಳ ದುಡಿಮೆ

ಅಹಮದಾಬಾದಿನಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾದದ್ದು 1861ರಲ್ಲಿ. ಐವತ್ತು ವರ್ಷಗಳಲ್ಲಿ ಊರೆಲ್ಲ ಗಿರಣಿಗಳ ಹೊಗೆಕೊಳವೆಗಳು ಎದ್ದು ನಿಂತವು. ಸಾರಾಭಾಯಿ ಮನೆತನದ್ದೂ ಗಿರಣಿಯಿತ್ತು. ಹಾಗಾಗಿ ಕಾರ್ಮಿಕರು ಅನಸೂಯಾ ಅವರಿಗೆ ಹೊಸಬರಾಗಿರಲಿಲ್ಲ. ದಿನಾ ಕಣ್ಣಿಗೆ ಬೀಳುತ್ತಿದ್ದ ಜನ. ಆದರೆ ಕಣ್ಣಿಗೆ ಬೀಳುವುದು ಬೇರೆ, ಕಾಣುವುದು ಬೇರೆ.

ಒಂದು ಬೆಳಿಗ್ಗೆ ಅವರು ಅಂಗಳದಲ್ಲಿ ಕುಳಿತು ಮಕ್ಕಳ ತಲೆ ಬಾಚುತ್ತಿದ್ದರು. ಆಗ ಹದಿನೈದರಷ್ಟು ಕೂಲಿಗಳು ನಿದ್ದೆಯಲ್ಲಿ ನಡೆಯುವವರಂತೆ ಹಾದುಹೋದರು. ಆ ಗುಂಪಿನಲ್ಲಿ ಹೆಂಗಸರೂ ಇದ್ದರು. ಅಷ್ಟೇನೂ ಪರಿಚಯವಿಲ್ಲದಿದ್ದರೂ ಅನಸೂಯಾ ಕರೆದು ವಿಚಾರಿಸಿದರು. 36 ಗಂಟೆ ಬಿಡುವಿಲ್ಲದೆ ದುಡಿದು ಬರುತ್ತಿದ್ದೇವೆ ಎಂದು ಉತ್ತರ ಬಂತು. ಎರಡು ರಾತ್ರಿ, ಒಂದು ಹಗಲು!

ಗಮನಿಸಿ, 1891ರ ಕಾರ್ಖಾನೆ ಕಾನೂನಿನಲ್ಲೇ ಹೆಂಗಸರ ದುಡಿಮೆಗೆ ದಿನಕ್ಕೆ 11 ಗಂಟೆಯ ಮಿತಿ ಇತ್ತು. ಕಾನೂನು ಕಾಗದದಲ್ಲಿತ್ತು, ಆದರೆ ಕೇಳುವವರು ಇರಲಿಲ್ಲ. ಅನಸೂಯಾ ಮಾಡಿದ ಮೊದಲ ಕೆಲಸ ಕೇಳಿದ್ದು. ಎರಡನೆಯ ಕೆಲಸ ಕಾರ್ಮಿಕರ ಮನೆಗಳಿಗೆ ನಡೆದು ಹೋದದ್ದು. ಅಲ್ಲಿನ ಸಾಲ, ಕಾಯಿಲೆ, ಬಾಣಂತಿಯರ ಪಾಡು, ಕೊಳಕು ನೀರು ಎಲ್ಲವನ್ನೂ ನೋಡಿದರು. ಮಕ್ಕಳಿಗೆ ಸ್ನಾನ ಮಾಡಿಸಿದರು. ಶಿಶುವಿಹಾರ, ಹೆರಿಗೆ ಮನೆ, ರಾತ್ರಿ ಶಾಲೆಗಳ ವ್ಯವಸ್ಥೆಗೆ ಮುಂದಾದರು. ಕಾರ್ಮಿಕರು ಅವರನ್ನು ಪ್ರೀತಿಯಿಂದ 'ಮೋಟಾಬೆನ್' ಎಂದು ಕರೆಯತೊಡಗಿದರು. ಗುಜರಾತಿಯಲ್ಲಿ ಹಾಗೆಂದರೆ ದೊಡ್ಡಕ್ಕ. ನಮ್ಮ ಮನೆಗಳಲ್ಲಿ 'ಆಪಾ' ಎನ್ನುತ್ತೇವಲ್ಲ, ಹಾಗೆ.

ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ

1917ರಲ್ಲಿ ಅಹಮದಾಬಾದಿಗೆ ಪ್ಲೇಗ್ ಬಂತು. ಜನ ಊರು ಬಿಡತೊಡಗಿದರು. ಕಾರ್ಮಿಕರು ಓಡಿಹೋದರೆ ಗಿರಣಿ ನಿಲ್ಲುತ್ತದೆಂದು ಮಾಲೀಕರು 'ಪ್ಲೇಗ್ ಬೋನಸ್' ಕೊಟ್ಟರು. ಕೆಲವರಿಗೆ ಅದು ಕೂಲಿಯ ಶೇಕಡ 70-80ರಷ್ಟಿತ್ತು. ಆದರೆ ನೇಯ್ಗೆಗೆ ಹಾಸು ನೂಲು ಅಣಿಮಾಡುವ ಕಾರ್ಮಿಕರಿಗೆ ಈ ಬೋನಸ್ ಸಿಗಲಿಲ್ಲ. 1917ರ ಡಿಸೆಂಬರಿನಲ್ಲಿ ಅವರು ಅನಸೂಯಾ ಅವರ ಮುಂದಾಳತ್ವದಲ್ಲಿ ಮುಷ್ಕರ ಹೂಡಿದರು. ಮುಂದಿನ ವರ್ಷದ ಆರಂಭದಲ್ಲಿ ಪ್ಲೇಗ್ ಇಳಿಯುತ್ತಿದ್ದಂತೆ ನೇಕಾರರ ಬೋನಸ್ಸನ್ನೂ ನಿಲ್ಲಿಸುವುದಾಗಿ ಮಾಲೀಕರು ಸಾರಿದರು. ಮಹಾಯುದ್ಧದ ಕಾಲ, ಪದಾರ್ಥಗಳ ಬೆಲೆ ಮಾತ್ರ ಇಳಿದಿರಲಿಲ್ಲ.

ಆಗ ಮಾಲೀಕರ ಮುಂದಾಳು ಯಾರು ಗೊತ್ತೇ? ಅನಸೂಯಾ ಅವರ ತಮ್ಮ ಅಂಬಾಲಾಲ್! ತನ್ನನ್ನು ಓದಿಸಿದ, ಬದುಕಿಗೆ ಆಸರೆಯಾದ ತಮ್ಮ. ಅವನ ಎದುರು ನಿಲ್ಲುವುದು ಸುಲಭವೇ? ಶತ್ರುವಿನ ಎದುರು ನಿಲ್ಲಲು ಬೇಕಾದ ಧೈರ್ಯ ಒಂದು ಬಗೆಯದು, ಉಪಕಾರ ಮಾಡಿದ ಪ್ರೀತಿಪಾತ್ರರ ಎದುರು ನ್ಯಾಯದ ಮಾತಾಡಲು ಬೇಕಾದ ಧೈರ್ಯ ಇನ್ನೊಂದು ಬಗೆಯದು. ಅನಸೂಯಾ ಕಾರ್ಮಿಕರ ಕಡೆ ನಿಂತರು. ಅಕ್ಕ ತಮ್ಮಂದಿರ ಈ ಸಂಬಂಧವನ್ನು ಚೆನ್ನಾಗಿ ಬಲ್ಲ ಗಾಂಧೀಜಿಯವರು ಡಿಸೆಂಬರಿನಲ್ಲೇ ಅಂಬಾಲಾಲರಿಗೆ ಪತ್ರ ಬರೆದು, ಅಕ್ಕನ ಮನಸ್ಸು ನೋಯದಂತೆ ಕಾರ್ಮಿಕರನ್ನು ಸಮಾಧಾನಪಡಿಸಲು ಕೇಳಿಕೊಂಡಿದ್ದರು.

ನೇಕಾರರು ಶೇಕಡ 50 ಹೆಚ್ಚಳ ಕೇಳಿದರು. ಮಾಲೀಕರು 20ಕ್ಕಿಂತ ಮೇಲೆ ಹೋಗಲು ಒಪ್ಪಲಿಲ್ಲ. ಗಾಂಧೀಜಿ ಮತ್ತು ಸಂಗಡಿಗರು ಕೂಲಿ, ಬೆಲೆ, ಮುಂಬಯಿಯ ದರ ಎಲ್ಲವನ್ನೂ ವಿಚಾರಿಸಿ 35 ನ್ಯಾಯವೆಂದು ತೀರ್ಮಾನಿಸಿದರು. ಕಾರ್ಮಿಕರನ್ನೂ ಅದಕ್ಕೆ ಒಪ್ಪಿಸಿದರು. ಇದು ದೊಡ್ಡ ಪಾಠ. ನಾಯಕನಾದವನು ಎದುರಾಳಿಗೆ ಮಾತ್ರವಲ್ಲ, ತನ್ನವರಿಗೂ 'ಇಷ್ಟು ಕೇಳುವುದು ಸರಿಯಲ್ಲ' ಎಂದು ಹೇಳಬಲ್ಲವನಾಗಿರಬೇಕು.

1918ರ ಫೆಬ್ರವರಿ 22ರಂದು ಗಿರಣಿಗಳಲ್ಲಿ ಲಾಕೌಟ್ ಘೋಷಣೆಯಾಯಿತು. ಸಾಬರಮತಿ ನದಿಯ ದಂಡೆಯ ಜಾಲಿಮರದ ಕೆಳಗೆ ದಿನವೂ ಸಭೆ ನಡೆಯಿತು. ಗಾಂಧೀಜಿ ಬರೆದ ಕರಪತ್ರಗಳು ಅನಸೂಯಾ ಅವರ ಹೆಸರಿನಲ್ಲಿ ಹೊರಬಂದವು. ಬೆಳಿಗ್ಗೆ ಸಂಜೆ ಅನಸೂಯಾ, ಶಂಕರಲಾಲ್ ಬ್ಯಾಂಕರ್, ಛಗನಲಾಲ್ ಗಾಂಧಿ ಕಾರ್ಮಿಕರ ವಠಾರಗಳಿಗೆ ಹೋಗಿ ಕಷ್ಟಸುಖ ಕೇಳಿದರು, ಕಾಯಿಲೆಯವರಿಗೆ ಔಷಧಿ ಕೊಡಿಸಿದರು.

ಕೆಲಸವಿಲ್ಲದವರಿಗೆ ಪುಕ್ಕಟೆ ಹಣ ಹಂಚುವ ಬದಲು ದುಡಿಮೆ ಕೊಡಬೇಕೆಂಬುದು ಗಾಂಧೀಜಿಯವರ ನಿಲುವು. ಆಶ್ರಮದ ನೇಯ್ಗೆ ಶಾಲೆಯ ತಳಪಾಯಕ್ಕೆ ಮರಳು ಬೇಕಾಗಿತ್ತು. ನದಿಯಿಂದ ಮರಳು ಹೊರುವ ಕೆಲಸಕ್ಕೆ ನೇಕಾರರು ಒಪ್ಪಿದರು. ಆಗ ಮೊದಲ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆದವರು ಅನಸೂಯಾ! ಅವರ ಹಿಂದೆ ಬುಟ್ಟಿ ಹೊತ್ತ ಕಾರ್ಮಿಕರ ಸಾಲು ಸಾಲೇ ಹೊರಟಿತು ಎಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗಿರಣಿ ಮಾಲೀಕರ ಮನೆಯ ಮಗಳು ಮರಳು ಹೊತ್ತ ಆ ದೃಶ್ಯವನ್ನು ಒಮ್ಮೆ ಊಹಿಸಿಕೊಳ್ಳಿ.

ಚುಚ್ಚಿದ ಮಾತು

ದಿನ ಕಳೆದಂತೆ ಹಸಿವು ಹೆಚ್ಚಿತು. ಮಾರ್ಚ್ 12ರಂದು ಮಾಲೀಕರು ಶೇಕಡ 20ಕ್ಕೆ ಒಪ್ಪುವವರಿಗಾಗಿ ಗಿರಣಿ ಬಾಗಿಲು ತೆರೆದರು. ಹಲವರ ಮನಸ್ಸು ತೂಗಾಡಿತು. ಸಭೆಗೆ ಕರೆಯಲು ಹೋದ ಛಗನಲಾಲರಿಗೆ ಒಂದು ವಠಾರದಲ್ಲಿ ಖಾರವಾದ ಉತ್ತರ ಸಿಕ್ಕಿತು: ಅನಸೂಯಾಬೆನ್‌ಗೂ ಗಾಂಧೀಜಿಗೂ ಏನು ಕಷ್ಟ? ಕಾರಿನಲ್ಲಿ ಬರುತ್ತಾರೆ, ಕಾರಿನಲ್ಲಿ ಹೋಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಸಾಯುತ್ತಿರುವವರು ನಾವು.

ಓದುಗರೇ, ಇಂಥ ಮಾತು ಕೇಳಿದಾಗ ನಾವಾಗಿದ್ದರೆ ಏನು ಮಾಡುತ್ತಿದ್ದೆವು? 'ಇಷ್ಟೆಲ್ಲ ಮಾಡಿದರೂ ಕೃತಜ್ಞತೆ ಇಲ್ಲ' ಎಂದು ಮುನಿಸಿಕೊಳ್ಳುತ್ತಿದ್ದೆವು. ಆದರೆ ಇಲ್ಲಿ ಆ ಕಾರ್ಮಿಕರ ಮೇಲೆ ಯಾರೂ ಸಿಟ್ಟಾಗಲಿಲ್ಲ. ಅವರ ಮಾತಿನಲ್ಲಿ ಸತ್ಯವಿದೆ ಎಂದೇ ಗಾಂಧೀಜಿಯವರಿಗೆ ಅನಿಸಿತು. ಮಾರ್ಚ್ 15ರಂದು ಅವರು ಉಪವಾಸ ಘೋಷಿಸಿದರು. ಮೊದಲ ದಿನ ಅನಸೂಯಾ ಮತ್ತು ಹಲವು ಕಾರ್ಮಿಕರೂ ಜೊತೆಗೆ ಉಪವಾಸವಿದ್ದರು. ಇದರಿಂದ ಮಾಲೀಕರ ಮೇಲೆ ಅನುಚಿತ ಒತ್ತಡ ಬಿತ್ತೆಂದು ಗಾಂಧೀಜಿಯೇ ಮುಂದೆ ಒಪ್ಪಿಕೊಂಡಿದ್ದಾರೆ. ಆದರೆ ಕಾರ್ಮಿಕರ ಮಟ್ಟಿಗೆ ಅದು 'ನಿಮ್ಮ ಹಸಿವು ನಮ್ಮದೂ ಹೌದು' ಎಂಬ ಉತ್ತರವಾಗಿತ್ತು. ಹಮ್‌ದರ್ದಿ ಎಂದರೆ ಇದೇ.

ಮಾರ್ಚ್ 18ರಂದು ಒಪ್ಪಂದವಾಯಿತು. ಮೊದಲ ದಿನ ಶೇಕಡ 35, ಎರಡನೆಯ ದಿನ 20, ಆಮೇಲೆ ಪಂಚರ ತೀರ್ಪು ಬರುವ ತನಕ 27.5. ಮೊದಲ ದಿನದ ಕೂಲಿಯಿಂದ ಕಾರ್ಮಿಕರ ಪ್ರತಿಜ್ಞೆ ಉಳಿಯಿತು, ಎರಡನೆಯ ದಿನದ ಕೂಲಿಯಿಂದ ಮಾಲೀಕರ ಮಾತು ಉಳಿಯಿತು. ಪ್ರೊ. ಆನಂದಶಂಕರ ಧ್ರುವ ಅವರು ಪಂಚರಾಗಿ ಅದೇ ವರ್ಷದ ಆಗಸ್ಟಿನಲ್ಲಿ 35ನ್ನೇ ಎತ್ತಿಹಿಡಿದರು.

ಈ ಹೋರಾಟದ ಬಗ್ಗೆ 1969ರಲ್ಲಿ ಗ್ರಂಥ ಪ್ರಕಟಿಸಿದ ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಒಂದು ಸಂಗತಿ ದಾಖಲಿಸಿದ್ದಾರೆ. ಹೋರಾಟದ ದಿನಗಳಲ್ಲೂ ಅಂಬಾಲಾಲ್ ಆಶ್ರಮಕ್ಕೆ ಊಟಕ್ಕೆ ಬರುತ್ತಿದ್ದರಂತೆ, ಅಕ್ಕನೇ ಬಡಿಸುತ್ತಿದ್ದರಂತೆ. ಬೇಡಿಕೆಯಲ್ಲಿ ರಾಜಿ ಇಲ್ಲ, ಸಂಬಂಧದಲ್ಲಿ ಬಿರುಕಿಲ್ಲ. ಸಣ್ಣ ಭಿನ್ನಾಭಿಪ್ರಾಯಕ್ಕೇ ಮಾತು ಬಿಡುವ ನಮಗೆ ಇದು ಯೋಚಿಸಬೇಕಾದ ವಿಷಯ.

ಪ್ರೀತಿಯಷ್ಟೇ ಸಾಲದು

ಇತಿಹಾಸವನ್ನು ಪೂರ್ತಿಯಾಗಿ ಓದಬೇಕು. 1919ರ ಏಪ್ರಿಲ್‌ನಲ್ಲಿ ರೌಲತ್ ಕಾಯಿದೆಯ ವಿರುದ್ಧ ಚಳವಳಿ ನಡೆದಾಗ ಗಾಂಧೀಜಿಯ ಬಂಧನವಾಯಿತು. ಅನಸೂಯಾ ಅವರನ್ನೂ ಬಂಧಿಸಿದ್ದಾರೆಂಬ ಸುದ್ದಿ ಹಬ್ಬಿತು. ಅದು ಸುಳ್ಳು. ಆದರೆ ಗಿರಣಿ ಕಾರ್ಮಿಕರು ಹುಚ್ಚೆದ್ದರು. ಕಟ್ಟಡಗಳಿಗೆ ಬೆಂಕಿ ಬಿತ್ತು, ಒಬ್ಬ ಪೊಲೀಸ್ ಸಾರ್ಜೆಂಟ್ ಸೇರಿದಂತೆ ಜೀವಗಳು ಹೋದವು, ಊರಿಗೆ ಮಾರ್ಷಲ್ ಲಾ ಬಂತು. ಪ್ರೀತಿಯ ಹೆಸರಿನಲ್ಲೇ ಈ ಅನಾಹುತ ನಡೆಯಿತು. ಒಬ್ಬ ವ್ಯಕ್ತಿಯ ಮೇಲಿನ ಅಭಿಮಾನ ಎಷ್ಟೇ ದೊಡ್ಡದಿರಲಿ, ಶಿಸ್ತು ಮತ್ತು ಸಂಘಟನೆ ಇಲ್ಲದಿದ್ದರೆ ಅದು ಬೆಂಕಿಯೂ ಆಗಬಲ್ಲದು.

1920ರ ಫೆಬ್ರವರಿ 25ರಂದು ಅಹಮದಾಬಾದಿನ ಕಾರ್ಮಿಕರ 'ಮಜೂರ್ ಮಹಾಜನ್' ಸಂಘ ಹುಟ್ಟಿತು. ಅನಸೂಯಾ ಅದರ ಅಧ್ಯಕ್ಷೆ. ಗುಜರಾತಿನಲ್ಲಿ 'ಮಹಾಜನ್' ಎಂದರೆ ವರ್ತಕರ ಪ್ರತಿಷ್ಠಿತ ಸಂಘ. ಆ ಗೌರವದ ಹೆಸರನ್ನು ಕೂಲಿಕಾರರು ತಮ್ಮದಾಗಿಸಿಕೊಂಡರು. ಗಿರಣಿಯಲ್ಲಿ ಹಿಂದೂ ಮುಸ್ಲಿಂ ನೇಕಾರರಿದ್ದರು, ನೂಲುವ ವಿಭಾಗದಲ್ಲಿ ದಲಿತರಿದ್ದರು. ಎಲ್ಲರೂ ಒಂದೇ ಸಂಘದ ನೆರಳಿಗೆ ಬಂದರು. ಅದೇ ವರ್ಷ, ವ್ಯಾಜ್ಯ ಬಂದಾಗ ಮುಷ್ಕರಕ್ಕೆ ಮೊದಲು ಪಂಚರ ಮುಂದೆ ಕೂರುವ ಏರ್ಪಾಡೂ ಆಯಿತು. ಕಾರ್ಮಿಕರ ಪರ ಗಾಂಧೀಜಿ, ಮಾಲೀಕರ ಪರ ಸೇಠ್ ಮಂಗಳದಾಸ್ ಪಂಚರಾದರು.

1954ರಲ್ಲಿ ಈ ಸಂಘದಲ್ಲಿ ಮಹಿಳಾ ವಿಭಾಗ ಶುರುವಾಯಿತು. ಅದನ್ನು ಮುನ್ನಡೆಸಿದ ವಕೀಲೆ ಇಳಾ ಭಟ್, ತಲೆಹೊರೆ ಹೊರುವ, ಬೀದಿಯಲ್ಲಿ ಮಾರುವ, ಮನೆಯಲ್ಲೇ ಹೊಲಿಯುವ ಹೆಂಗಸರಿಗಾಗಿ 'ಸೇವಾ' ಸಂಘಟನೆಯನ್ನು ಕಟ್ಟಿದರು. ಅದು 1972ರಲ್ಲಿ ನೋಂದಣಿಯಾಯಿತು. ಅದೇ ವರ್ಷ ಮೋಟಾಬೆನ್ ಕಣ್ಣುಮುಚ್ಚಿದರು.

ನಮಗೇನು ಪಾಠ?

ಪ್ರೀತಿಯ ವಿದ್ಯಾರ್ಥಿಗಳೇ, ನೀವೆಲ್ಲ ನಾಳೆ ಒಂದಲ್ಲ ಒಂದು ಕಡೆ ದುಡಿಯುವವರು. ಕೆಲವರು ಮೇಸ್ತ್ರಿ, ಕೆಲವರು ಅಧಿಕಾರಿ, ಕೆಲವರು ಮುಖ್ಯೋಪಾಧ್ಯಾಯರಾಗುತ್ತೀರಿ. ಅಂಗಡಿ ತೆರೆದು ಇಬ್ಬರಿಗೆ ಸಂಬಳ ಕೊಡುವವರೂ ಆಗುತ್ತೀರಿ. ಆಗ ನಿಮ್ಮ ಕೈಕೆಳಗಿನವರ ಹೆಸರು, ಅವರ ಮನೆ ಎಲ್ಲಿದೆ, ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆ ಎಂಬುದು ನಿಮಗೆ ಗೊತ್ತಿರಲಿ. ಅವರಿಗೆ ಅನ್ಯಾಯವಾದಾಗ, ಅನ್ಯಾಯ ಮಾಡಿದವರು ನಿಮ್ಮ ಸ್ವಂತ ಮನೆಯವರೇ ಆಗಿದ್ದರೂ ಬಾಯಿ ತೆರೆಯುವ ಧೈರ್ಯವಿರಲಿ. ಅವರು ಸಿಟ್ಟಿನಿಂದ ಒಂದು ಮಾತಾಡಿದರೆ, ಆ ಮಾತಿನಲ್ಲಿ ನಿಜವೆಷ್ಟು ಎಂದು ಮೊದಲು ನೋಡಿ.

ದೊಡ್ಡ ಹುದ್ದೆ ಸಿಗುವ ತನಕ ಕಾಯಬೇಕಾಗಿಯೂ ಇಲ್ಲ. ನಮ್ಮ ಶಾಲೆಗಳಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಕಸ ಗುಡಿಸುವ, ಸಂಜೆ ಎಲ್ಲರೂ ಹೋದ ಮೇಲೆ ಬೀಗ ಹಾಕುವ ಒಬ್ಬ ಅಮ್ಮನೋ ಚಾಚಾನೋ ಇರುತ್ತಾರೆ. ನಾಳೆ ಅವರ ಹತ್ತಿರ ಹೋಗಿ, ಎಷ್ಟು ಹೊತ್ತಿಗೆ ಎದ್ದಿರಿ, ಏನು ತಿಂದಿರಿ ಎಂದು ಕೇಳಿ. ಉತ್ತರ ಬರುವ ತನಕ ನಿಂತು ಕೇಳಿಸಿಕೊಳ್ಳಿ.